ಹಂಚಿನ ಮನೆಗೂ ಉಪ್ಪುಗಾಳಿಗೂ ಒಗ್ಗುವ ಸರೌಂಡ್ ಸೌಂಡ್: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಶಿರಸಿ ಅಥವಾ ಕಾರವಾರದ ಕಡೆಯಿಂದ ಸರೌಂಡ್ ಸೌಂಡ್‌ನ, ಅಂದರೆ ಸುತ್ತಲಿನಿಂದಲೂ ಧ್ವನಿ ಕೇಳಿಸುವ, ಹೋಂ ಥಿಯೇಟರ್ ಕೊಳ್ಳಲು ಹೊರಟವರು ಹೆಚ್ಚಾಗಿ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗುತ್ತಾರೆ. ಅಲ್ಲಿ ಗಾಜಿನ ಬಾಗಿಲು ಮುಚ್ಚಿ, ಎಸಿ ಹಾಕಿ, ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿದ ಕೋಣೆಯಲ್ಲಿ ಕುಳಿತು ಕೇಳಿ, ಮೆಚ್ಚಿ, ಹಣ ಕೊಟ್ಟು ತರುತ್ತಾರೆ. ಅದೇ ಪೆಟ್ಟಿಗೆಗಳನ್ನು ಕೆಂಪು ಗಾರೆಯ ನೆಲ, ಚಿರೇಕಲ್ಲಿನ ಗೋಡೆ, ಹಂಚಿನ ಮಾಡು ಇರುವ ನಡುಮನೆಯಲ್ಲಿ ಜೋಡಿಸಿದಾಗ ಮಾತು ಗವಿಯೊಳಗಿನಿಂದ ಬಂದಂತೆ ಕೇಳುತ್ತದೆ, ಗುಡುಗಿನ ಸದ್ದಿಗೆ ಮಾಡಿನ ಹಂಚು ಕಟಕಟ ಎನ್ನುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸ್ಪೀಕರಿನ ಹಿಂಬದಿಯ ತಿರುಪುಗಳು ಹಸಿರುಗಟ್ಟುತ್ತವೆ. ನನ್ನ ಮನೆಯಲ್ಲಿಯೂ ನೆಂಟರಿಷ್ಟರ ಮನೆಗಳಲ್ಲಿಯೂ ಇಂಥ ಜೋಡಣೆಗಳನ್ನು ಮಾಡುತ್ತ, ಬಿಚ್ಚುತ್ತ, ಮತ್ತೆ ಮಾಡುತ್ತ ನಾನು ಕಂಡುಕೊಂಡದ್ದು ಇಷ್ಟು: ಆಯ್ಕೆ ಕೋಣೆಯಿಂದ ಆರಂಭವಾಗಬೇಕು, ನಮ್ಮ ಹವೆ ಮತ್ತು ವಿದ್ಯುತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ವ್ಯಾಟ್‌ಗಳ ವಿಚಾರ ಬಹುಮಟ್ಟಿಗೆ ಕೊನೆಗೆ ಬರಬೇಕು. ಕೆಳಗಿನ ಹಂತಗಳೂ ಕೋಣೆಯಿಂದಲೇ ಆರಂಭವಾಗುತ್ತವೆ.

ಹಂತ 1: ಕೋಣೆಯನ್ನು ಅಳೆಯಿರಿ, ಚಪ್ಪಾಳೆ ತಟ್ಟಿ

ಅಂಗಡಿಗೆ ಹೋಗುವ ಮೊದಲು ಒಂದು ಟೇಪು, ಒಂದು ಕಾಗದ ಹಿಡಿದು ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಬರೆದುಕೊಳ್ಳಿ. ಬಾಗಿಲು, ಕಿಟಕಿ, ಪ್ಲಗ್ಗುಗಳು ಎಲ್ಲಿವೆ ಎಂದು ಗುರುತು ಹಾಕಿ. ಈ ಅಳತೆಗಳೇ ಕೋಣೆಯ ತಗ್ಗು ಸ್ವರಗಳ ಸ್ವಭಾವವನ್ನು ನಿರ್ಧರಿಸುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಯಿಂದ ಗೋಡೆಗೆ ಮೀಟರಿನಲ್ಲಿ ಅಳೆದ ದೂರದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನಲ್ಲಿ ಕೋಣೆ ತಾನಾಗಿ ಅನುರಣಿಸುವ ಮೊದಲ ಆವರ್ತನ ಸಿಗುತ್ತದೆ. 15 ಅಡಿ ಉದ್ದ, 12 ಅಡಿ ಅಗಲದ ಕೋಣೆಗೆ ಇವು ಸುಮಾರು 38 ಹರ್ಟ್ಜ್ ಮತ್ತು 47 ಹರ್ಟ್ಜ್ ಆಗುತ್ತವೆ. ಸಿನಿಮಾದ ಗುಡುಗು, ಸ್ಫೋಟ, ಎಂಜಿನ್ನಿನ ಮೊರೆತ ಇರುವುದೂ ಇದೇ ವಲಯದಲ್ಲಿ. ಉದ್ದ ಅಗಲಗಳು ಸಮವಾಗಿರುವ ಚೌಕ ಕೋಣೆಯಲ್ಲಿ ಎರಡೂ ಅನುರಣನಗಳು ಒಂದೇ ಆವರ್ತನದ ಮೇಲೆ ಬಿದ್ದು, ಒಂದೇ ಸ್ವರ ಹಿಗ್ಗಿದಂತೆ ಕೇಳುತ್ತದೆ. ಆಯ್ಕೆಗೆ ಎರಡು ಕೋಣೆಗಳಿದ್ದರೆ ಚೌಕವಾದುದನ್ನು ಬಿಟ್ಟುಬಿಡಿ.

ಬಳಿಕ ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ಝರ್ರೆಂಬ ಕಂಪನದ ಬಾಲ ಕೇಳಿಬಂದರೆ ಎದುರುಬದುರು ಗೋಡೆಗಳ ನಡುವೆ ಶಬ್ದ ಪುಟಿದಾಡುತ್ತಿದೆ ಎಂದು ತಿಳಿಯಿರಿ. ಗಿಲಾವು ಮಾಡಿ ಬಣ್ಣ ಬಳಿದ ಗೋಡೆ ಮತ್ತು ನುಣುಪಾದ ಗಾರೆಯ ನೆಲ ಎರಡೂ ಶಬ್ದವನ್ನು ಹೀರದೆ ಹಿಂದಿರುಗಿಸುತ್ತವೆ. ಇದಕ್ಕೆ ದುಬಾರಿ ಫೋಮ್ ಹಾಳೆಗಳನ್ನು ಅಂಟಿಸಬೇಕಾಗಿಲ್ಲ. ನಮ್ಮ ಹವೆಯಲ್ಲಿ ಅಗ್ಗದ ಫೋಮ್ ಎರಡೇ ವರ್ಷಕ್ಕೆ ಪುಡಿಯಾಗುವುದನ್ನು ನೋಡಿದ್ದೇನೆ. ಆಸನದ ಮುಂದೆ ದಪ್ಪ ಜಮಖಾನ, ಹಿಂಗೋಡೆಗೆ ಪುಸ್ತಕ ತುಂಬಿದ ಕಪಾಟು, ಪಕ್ಕದ ಗೋಡೆಗೆ ಭಾರವಾದ ಪರದೆ ಅಥವಾ ಮರದ ಚೌಕಟ್ಟಿನಲ್ಲಿ ಕೂರಿಸಿ ಹತ್ತಿಬಟ್ಟೆ ಹೊದಿಸಿದ ತೆಂಗಿನ ನಾರಿನ ಹಾಸು ಇದ್ದರೆ ಮಧ್ಯಮ ಮತ್ತು ತಾರ ಸ್ವರಗಳ ಮಟ್ಟಿಗೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಪಕ್ಕದ ಗೋಡೆಯ ಯಾವ ಜಾಗಕ್ಕೆ ಹಾಕಬೇಕೆಂದು ತಿಳಿಯಲು ನೀವು ಆಸನದಲ್ಲಿ ಕುಳಿತಿರಿ, ಮತ್ತೊಬ್ಬರು ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಎದುರಿನ ಸ್ಪೀಕರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ.

ಹಂಚಿನ ಮನೆಯದು ಬೇರೆಯದೇ ಗುಣ. ಕಾಂಕ್ರೀಟ್ ಸ್ಲ್ಯಾಬಿನ ಕೋಣೆ ತಗ್ಗು ಸ್ವರವನ್ನು ಹಿಡಿದಿಟ್ಟು ಗುಂಯ್‌ಗುಡಿಸಿದರೆ, ಹಂಚಿನ ಮಾಡು ಅದನ್ನು ಸಂದಿಗಳ ಮೂಲಕ ಹೊರಗೆ ಬಿಡುತ್ತದೆ. ಹಾಗಾಗಿ ಹಂಚಿನ ಮನೆಯಲ್ಲಿ ತಗ್ಗು ಸ್ವರ ಹೆಚ್ಚು ಶುಚಿಯಾಗಿ ಕೇಳುತ್ತದೆ, ಆದರೆ ಅಷ್ಟೇ ಭಾರಕ್ಕೆ ಹೆಚ್ಚು ಸಮರ್ಥವಾದ ಸಬ್‌ವೂಫರ್ (ತಗ್ಗು ಸ್ವರಗಳನ್ನಷ್ಟೇ ನುಡಿಸುವ ಸ್ಪೀಕರು) ಬೇಕಾಗುತ್ತದೆ. ಹೊರಗೆ ಹೋದ ಸದ್ದು ಪಕ್ಕದ ಮನೆಗೂ ತಲುಪುತ್ತದೆ ಎಂಬುದು ನೆನಪಿರಲಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇಟ್ಟಿವೆ. ಮರದ ಮುಚ್ಚಿಗೆ ಇರುವ ಮಾಳಿಗೆಮನೆಯ ಕೆಳಕೋಣೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉತ್ತಮವಾದುದು. ತೊಲೆಗಳ ಏರುತಗ್ಗು ಶಬ್ದವನ್ನು ಚದುರಿಸುತ್ತದೆ, ಮುಚ್ಚಿಗೆಯ ಮೇಲಿನ ಮಣ್ಣಿನ ಹಾಸು ಮಳೆಯ ಸದ್ದನ್ನು ತಡೆಯುತ್ತದೆ.

ಹಂತ 2: ಆಸನದ ಜಾಗವನ್ನು ನಿರ್ಧರಿಸಿ

ಸೋಫಾವನ್ನು ಹಿಂಗೋಡೆಗೆ ಒತ್ತಿಸಿಡುವುದು ನಮ್ಮಲ್ಲಿ ರೂಢಿ. ಗೋಡೆಯ ಬಳಿ ತಗ್ಗು ಸ್ವರ ಗುಡ್ಡೆಯಾಗುತ್ತದೆ, ಹಿಂದಿನ ಸ್ಪೀಕರುಗಳಿಗೆ ಜಾಗವೇ ಉಳಿಯುವುದಿಲ್ಲ. ಕೋಣೆಯ ಸರಿಮಧ್ಯದಲ್ಲಿ ಕುಳಿತರೆ ಉದ್ದದ ದಿಕ್ಕಿನ ಮೊದಲ ಅನುರಣನದ ಸ್ವರ ಅಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಇವೆರಡರ ನಡುವೆ, ಹಿಂಗೋಡೆಯಿಂದ ಮೂರರಿಂದ ಐದು ಅಡಿ ಮುಂದೆ ಆಸನವಿಟ್ಟರೆ ಸಾಮಾನ್ಯವಾಗಿ ಸಮಾಧಾನಕರ ಫಲ ಸಿಗುತ್ತದೆ. ಹಾಗೆ ಮುಂದೆ ಎಳೆಯಲು ಮನೆಯವರು ಒಪ್ಪದಿದ್ದರೆ ಒಂದು ಅಡಿಯಾದರೂ ಎಳೆಯಿರಿ.

ಹಂತ 3: ಎಷ್ಟು ಸ್ಪೀಕರುಗಳು?

5.1 ಎಂದರೆ ಐದು ಸ್ಪೀಕರು (ಮುಂದೆ ಎಡ, ನಡು, ಬಲ; ಇಕ್ಕೆಲಗಳಲ್ಲಿ ತುಸು ಹಿಂದೆ ಎರಡು), ಒಂದು ಸಬ್‌ವೂಫರ್. 7.1ರಲ್ಲಿ ಬೆನ್ನ ಹಿಂದೆ ಇನ್ನೆರಡು ಸೇರುತ್ತವೆ. 5.1.2 ಎಂದಾಗ ಕೊನೆಯ 2 ಎಂಬುದು ತಲೆಯ ಮೇಲಿನ ಎರಡು ಸ್ಪೀಕರುಗಳನ್ನು ಸೂಚಿಸುತ್ತದೆ. 2012ರಲ್ಲಿ ಚಿತ್ರಮಂದಿರಗಳಿಗೆ ಬಂದು 2014ರ ಹೊತ್ತಿಗೆ ಮನೆಗಳಿಗೆ ಇಳಿದ ಡಾಲ್ಬಿ ಅಟ್ಮಾಸ್ ಎಂಬ, ಮೇಲಿನಿಂದಲೂ ಧ್ವನಿ ಕೇಳಿಸುವ ತಂತ್ರ ಈ ಮೂರನೆಯ ಅಂಕಿಯನ್ನು ತಂದಿತು. 15 ಅಡಿಗಿಂತ ಚಿಕ್ಕ ಕೋಣೆಗೆ 7.1 ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ: ಆ ಹಣದಲ್ಲಿ ಮುಂದಿನ ಮೂರು ಸ್ಪೀಕರುಗಳನ್ನು ಒಂದು ಮೆಟ್ಟಿಲು ಮೇಲಿನವನ್ನಾಗಿ ಆರಿಸಬಹುದು.

ಅಟ್ಮಾಸ್ ಬೇಕೆನ್ನುವವರು ಒಂದು ವಿಷಯವನ್ನು ಗಮನಿಸಲೇಬೇಕು. ಮುಂದಿನ ಸ್ಪೀಕರಿನ ಮೇಲೆ ಕೂತು ಛಾವಣಿಯತ್ತ ಮುಖಮಾಡುವ, ಛಾವಣಿಗೆ ತಾಗಿಸಿ ಶಬ್ದವನ್ನು ಕೆಳಗಿಳಿಸುವ ಸ್ಪೀಕರುಗಳು ಸಮತಟ್ಟಾದ, ಗಟ್ಟಿಯಾದ ಛಾವಣಿಯನ್ನು ನಂಬಿಕೊಂಡಿವೆ. ಇಳಿಜಾರಿನ ಹಂಚಿನ ಮಾಡಿನಡಿಯಾಗಲಿ ತೊಲೆಗಳು ಸಾಲಾಗಿರುವ ಮುಚ್ಚಿಗೆಯಡಿಯಾಗಲಿ ಅವು ಕೆಲಸಕ್ಕೆ ಬಾರವು. ನಮ್ಮ ಮನೆಗಳಿಗಿರುವ ಅನುಕೂಲವೆಂದರೆ ತೊಲೆಯೇ: ಎರಡು ಸಣ್ಣ ಸ್ಪೀಕರುಗಳನ್ನು ಗಟ್ಟಿ ಬ್ರಾಕೆಟ್ಟಿನಿಂದ ತೊಲೆಗೆ ಬಿಗಿದು ಆಸನದತ್ತ ಬಾಗಿಸಿದರೆ ಮಳೆ, ಹೆಲಿಕಾಪ್ಟರ್ ಎಲ್ಲವೂ ನಿಜವಾಗಿ ಮೇಲಿಂದಲೇ ಬರುತ್ತವೆ.

ಕೈಗಾದಲ್ಲೋ ಕಾರವಾರದ ನೌಕಾನೆಲೆಯಲ್ಲೋ ನೌಕರಿಯಲ್ಲಿದ್ದು, ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವ, ಗೋಡೆಗೆ ಮೊಳೆ ಹೊಡೆಯಲಾಗದ ಕ್ವಾರ್ಟರ್ಸಿನಲ್ಲಿ ಇರುವವರಿಗೆ ಸೌಂಡ್‌ಬಾರ್ (ಟಿವಿಯ ಕೆಳಗಿಡುವ ಉದ್ದನೆಯ ಪಟ್ಟಿಯಂಥ ಸ್ಪೀಕರು) ಯೋಗ್ಯವಾದ ಆಯ್ಕೆ. ಆದರೆ ಪ್ರತ್ಯೇಕ ಸಬ್‌ವೂಫರ್ ಮತ್ತು ನಿಜವಾದ ಎರಡು ಹಿಂಬದಿ ಸ್ಪೀಕರುಗಳೊಂದಿಗೆ ಬರುವುದನ್ನೇ ಆರಿಸಿ; ಒಂದೇ ಪಟ್ಟಿಯಿಂದ ಸುತ್ತಲಿನ ಧ್ವನಿಯನ್ನು ಹುಟ್ಟಿಸುವೆನೆನ್ನುವ ಮಾದರಿಗಳು ಪಕ್ಕದ ಗೋಡೆಗಳ ಪ್ರತಿಫಲನವನ್ನು ಅವಲಂಬಿಸುತ್ತವೆ, ಒಂದು ಕಡೆ ಜಗುಲಿಗೆ ತೆರೆದಿರುವ ನಡುಮನೆಯಲ್ಲಿ ಆ ಗೋಡೆಯೇ ಇರುವುದಿಲ್ಲ. ಸ್ವಂತ ಮನೆಯವರಿಗೆ ನಾನು ಬಿಡಿ ಸ್ಪೀಕರು ಮತ್ತು ಎವಿ ರಿಸೀವರನ್ನೇ (ಟಿವಿ, ಪ್ಲೇಯರುಗಳ ಧ್ವನಿಯನ್ನು ಪಡೆದು, ಬಲಪಡಿಸಿ ಸ್ಪೀಕರುಗಳಿಗೆ ಹಂಚುವ ಯಂತ್ರ) ಹೇಳುತ್ತೇನೆ. ಉಪ್ಪುಗಾಳಿಗೆ ಒಂದು ಸರ್ಕ್ಯೂಟ್ ಬೋರ್ಡ್ ಹೋದರೆ ಸೌಂಡ್‌ಬಾರಿನ ಇಡೀ ಸೆಟ್ ಮೂಲೆ ಸೇರುತ್ತದೆ. ಬಿಡಿ ಜೋಡಣೆಯಲ್ಲಿ ಕೆಟ್ಟ ಒಂದು ಭಾಗವನ್ನು ಮಾತ್ರ ಬದಲಿಸಿದರೆ ಮುಗಿಯಿತು.

ಹಂತ 4: ಮುಂದಿನ ಮೂರು ಸ್ಪೀಕರುಗಳು, ಅದರಲ್ಲೂ ನಡುವಿನದು

ಸಿನಿಮಾದ ಮಾತಿನ ಬಹುಭಾಗ ಬರುವುದು ಸೆಂಟರ್ ಸ್ಪೀಕರಿನಿಂದ. ಆದ್ದರಿಂದ ಒಟ್ಟು ಹಣದಲ್ಲಿ ಹತ್ತಿರಹತ್ತಿರ ಶೇ. 40ನ್ನು ಎಡ, ಬಲ, ನಡುವಿನ ಮೂರಕ್ಕೂ, ಶೇ. 25ನ್ನು ಸಬ್‌ವೂಫರಿಗೂ, ಮತ್ತೊಂದು 25ನ್ನು ರಿಸೀವರಿಗೂ, ಉಳಿದುದನ್ನು ಹಿಂಬದಿ ಸ್ಪೀಕರು, ವೈರು ಮತ್ತು ವಿದ್ಯುತ್ ರಕ್ಷಣೆಗೂ ಹಂಚುವುದನ್ನು ನಾನು ಇಷ್ಟಪಡುತ್ತೇನೆ. ಮುಂದಿನ ಮೂರೂ ಒಂದೇ ಕಂಪನಿಯ ಒಂದೇ ಸರಣಿಯವಾಗಿರಬೇಕು. ಇಲ್ಲವಾದರೆ ಪರದೆಯ ಎಡದಿಂದ ಬಲಕ್ಕೆ ನಡೆಯುವ ವ್ಯಕ್ತಿಯ ದನಿ ನಡುವೆ ಬಣ್ಣ ಬದಲಾಯಿಸುತ್ತದೆ.

ಮಲಗಿಸಿಟ್ಟ ಸೆಂಟರ್ ಸ್ಪೀಕರುಗಳಲ್ಲಿ ಎರಡು ಬಗೆ. ನಡುವೆ ಟ್ವೀಟರ್ (ತಾರ ಸ್ವರದ ಸಣ್ಣ ಘಟಕ), ಅದರ ಇಕ್ಕೆಲಗಳಲ್ಲಿ ಒಂದೊಂದು ವೂಫರ್ (ತಗ್ಗು, ಮಧ್ಯಮ ಸ್ವರದ ದೊಡ್ಡ ಘಟಕ) ಇರುವ ಸಾದಾ ರಚನೆಯಲ್ಲಿ ಎರಡೂ ವೂಫರುಗಳು ಒಂದೇ ಸ್ವರವನ್ನು ಹೊರಡಿಸುವುದರಿಂದ, ಪಕ್ಕದಲ್ಲಿ ಕುಳಿತವರ ಕಿವಿಗೆ ಅವು ಬೇರೆ ಬೇರೆ ಹೊತ್ತಿಗೆ ತಲುಪಿ ಮಧ್ಯಮ ಸ್ವರಗಳಲ್ಲಿ ಪೊಳ್ಳುಂಟಾಗುತ್ತದೆ. ಟ್ವೀಟರಿನ ಕೆಳಗೆ ಪ್ರತ್ಯೇಕವಾದ ಸಣ್ಣ ಮಿಡ್‌ರೇಂಜ್ (ಮಧ್ಯಮ ಸ್ವರದ ಘಟಕ) ಇರುವ ಮೂರು ದಾರಿಯ ರಚನೆಯಲ್ಲಿ ಈ ತೊಂದರೆ ಬಹಳ ಕಡಿಮೆ. ಮನೆತುಂಬ ಜನ ಸಾಲಾಗಿ ಕೂತು ನೋಡುವವರಿಗೆ ಎರಡನೆಯದೇ ಸರಿ.

ಅಂಗಡಿಯಲ್ಲಿ ಕೇಳಿಸುವ ಡೆಮೊ ತುಣುಕುಗಳು ಸ್ಫೋಟ, ರೇಸುಗಳಿಂದ ತುಂಬಿರುತ್ತವೆ. ಅವನ್ನು ಕೇಳಿ ಯಾವ ತೀರ್ಮಾನಕ್ಕೂ ಬರಲಾಗದು. ಒಂದು ಪೆನ್‌ಡ್ರೈವಿನಲ್ಲಿ ನಿಮಗೆ ಪರಿಚಿತವಾದುದನ್ನೇ ಒಯ್ಯಿರಿ. ನಾನು ಒಯ್ಯುವುದು ಯಕ್ಷಗಾನ ಮತ್ತು ತಾಳಮದ್ದಳೆಯ ಉತ್ತಮ ಧ್ವನಿಮುದ್ರಣಗಳನ್ನು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವಾದದ ಬಿಸಿಗೇರಿ ವೇಗವಾಗಿ ಮಾತಾಡುವಾಗ ಸ, ಶ, ಷಗಳು ಬೇರೆಬೇರೆಯಾಗಿ ಕೇಳಬೇಕು, ಆದರೆ ಕಿವಿಗೆ ಚುಚ್ಚಬಾರದು. ಚೆಂಡೆಯ ಮೊದಲ ಪೆಟ್ಟು ಹರಿತವಾಗಿ ಬಂದು ಕೂಡಲೇ ನಿಲ್ಲಬೇಕು. ಪೆಟ್ಟಿನ ಹಿಂದೆ ಪೆಟ್ಟಿಗೆಯದೇ ಗುಂಯ್ ಸೇರಿಕೊಂಡರೆ ಕ್ಯಾಬಿನೆಟ್ ತೆಳುವಾಗಿದೆ. ಮದ್ದಳೆಯ ಎಡ ಬಲ ಮುಖಗಳ ನಾದ ಬೇರೆಯೆಂದು ತಿಳಿಯಬೇಕು. ಹಾಗೆಯೇ ವಾಲ್ಯೂಮನ್ನು ತೀರ ಕಡಿಮೆ ಮಾಡಿ ಕೇಳಿ: ಆಗಲೂ ಮಾತು ತಿಳಿಯುತ್ತಿದ್ದರೆ ಅದು ಒಳ್ಳೆಯ ಸೆಂಟರ್.

ನಮ್ಮ ಹವೆಗಾಗಿ ನೋಡಬೇಕಾದುದು ಇನ್ನೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ತೇವಾಂಶ ಶೇ. 90ರ ಹತ್ತಿರ ಸುಳಿದಾಡುತ್ತದೆ. ಸ್ಪೀಕರಿನೊಳಗೆ ಕಂಪಿಸುವ ಕೋನಿನ ಸುತ್ತಲಿನ ಅಂಚು ಫೋಮ್‌ನದಾಗಿದ್ದರೆ ಬೇಡವೆನ್ನಿ, ರಬ್ಬರಿನದಾಗಿರಲಿ. ನನ್ನ ಮೊದಲ ಸಬ್‌ವೂಫರಿನ ಫೋಮ್ ಅಂಚು ಕೆಲವೇ ಮಳೆಗಾಲಗಳಲ್ಲಿ ಜಿಗುಟಾಗಿ, ಮುಟ್ಟಿದರೆ ಉದುರುವಂತಾಯಿತು. ಲೇಪನವಿಲ್ಲದ ಕಾಗದದ ಕೋನಿಗಿಂತ ಪಾಲಿಪ್ರೊಪಿಲೀನ್ ಅಥವಾ ಲೇಪಿತ ಕೋನು ಲೇಸು. ಪೆಟ್ಟಿಗೆಯ ಹಿಂಬದಿ ಮತ್ತು ತಳದ ಅಂಚುಗಳಲ್ಲಿ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಬರಿದಾಗಿ ಕಂಡರೆ ಅದು ತೇವ ಹೀರಿ ಉಬ್ಬುವುದು ಖಂಡಿತ. ತಂದ ದಿನವೇ ಅಲ್ಲಿ ವಾರ್ನಿಷ್ ಹಚ್ಚಿ. ಹಿಂಬದಿಯ ಟರ್ಮಿನಲ್ಲುಗಳು ಚಿನ್ನದ ಲೇಪನದ ತಿರುಪಿನವಾಗಿರಲಿ, ಸ್ಪ್ರಿಂಗ್ ಒತ್ತುವ ಬಗೆಯವು ಬೇಗ ತುಕ್ಕು ಹಿಡಿಯುತ್ತವೆ. ಸ್ಪೀಕರಿನ ಗಾಳಿರಂಧ್ರಕ್ಕೆ ತೆಳುವಾದ ನೆಟ್ ಬಟ್ಟೆ ಬಿಗಿಯಿರಿ. ಕುಂಬಾರ ಹುಳು ಒಳಗೆ ಮಣ್ಣಿನ ಗೂಡು ಕಟ್ಟುವುದು ನಮ್ಮಲ್ಲಿ ಅಪರೂಪವಲ್ಲ.

ಹಂತ 5: ಸಬ್‌ವೂಫರ್

12ರಿಂದ 15 ಅಡಿಯ ಕೋಣೆಗೆ 10 ಇಂಚಿನ ಒಳ್ಳೆಯ ಸಬ್‌ವೂಫರ್ ಸಾಕು. ಹಂಚಿನ ಮಾಡಿನ ಅಥವಾ ಜಗುಲಿಗೆ ತೆರೆದ ದೊಡ್ಡ ಕೋಣೆಗೆ 12 ಇಂಚಿನದು ಬೇಕು. ಗಾಳಿರಂಧ್ರವಿರುವ ಪೆಟ್ಟಿಗೆ ಅದೇ ಶಕ್ತಿಗೆ ಹೆಚ್ಚು ಸದ್ದು ಕೊಡುತ್ತದೆ, ಮುಚ್ಚಿದ ಪೆಟ್ಟಿಗೆ ಚಿಕ್ಕದಾಗಿದ್ದು ಬಿಗಿಯಾದ ಪೆಟ್ಟು ಕೊಡುತ್ತದೆ, ಒಳಗೆ ಹುಳು ಹಲ್ಲಿಗಳೂ ಸೇರುವುದಿಲ್ಲ. ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ: ಸಬ್‌ವೂಫರನ್ನೇ ನೀವು ಕುಳಿತುಕೊಳ್ಳುವ ಜಾಗದಲ್ಲಿಟ್ಟು ತಗ್ಗು ಸ್ವರವಿರುವ ಸಂಗೀತ ಹಾಕಿ, ಗೋಡೆಗುಂಟ ಬಗ್ಗಿ ನಡೆಯುತ್ತ ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಸಮವಾಗಿ ಕೇಳುತ್ತವೆಯೋ ಅಲ್ಲಿಯೇ ಸಬ್‌ವೂಫರಿನ ಸ್ಥಾನ. ಮರದ ಹಲಗೆಯ ಅಟ್ಟದ ಮೇಲೆ ಇಡುವುದಾದರೆ ಕೆಳಗೆ ದಪ್ಪ ರಬ್ಬರ್ ಹಾಸು ಕಡ್ಡಾಯ, ಇಲ್ಲವಾದರೆ ಹಲಗೆಗಳೇ ವಾದ್ಯವಾಗುತ್ತವೆ.

ಹಂತ 6: ಎವಿ ರಿಸೀವರ್ ಮತ್ತು ವ್ಯಾಟುಗಳ ಲೆಕ್ಕ

ಸ್ಪೀಕರಿನ ವಿವರಪಟ್ಟಿಯಲ್ಲಿ ಸೆನ್ಸಿಟಿವಿಟಿ ಎಂಬ ಅಂಕಿ ಇರುತ್ತದೆ. 88 ಡೆಸಿಬಲ್ ಎಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಎಂದರ್ಥ. 3 ಮೀಟರ್ ದೂರದ ಆಸನಕ್ಕೆ ಬರುವಷ್ಟರಲ್ಲಿ, ಗೋಡೆಗಳ ನೆರವನ್ನು ಬಿಟ್ಟು ಲೆಕ್ಕ ಹಾಕಿದರೆ, ಅದು ಒಂಬತ್ತೂವರೆ ಡೆಸಿಬಲ್‌ನಷ್ಟು ಇಳಿಯುತ್ತದೆ. ಸರಾಸರಿ 75 ಡೆಸಿಬಲ್‌ನಲ್ಲಿ ಸಿನಿಮಾ ನೋಡುವಾಗ ಖರ್ಚಾಗುವುದು ಒಂದು ವ್ಯಾಟಿಗೂ ಕಡಿಮೆ. ಅದಕ್ಕಿಂತ 20 ಡೆಸಿಬಲ್ ಮೇಲೇರುವ ಕ್ಷಣಿಕ ಅಬ್ಬರಕ್ಕೆ ಸುಮಾರು 45 ವ್ಯಾಟ್ ಬೇಕು. ಸೆನ್ಸಿಟಿವಿಟಿ 85 ಆದರೆ ಅದು 90 ವ್ಯಾಟಿಗೆ ಏರುತ್ತದೆ, 91 ಆದರೆ 22ಕ್ಕೆ ಇಳಿಯುತ್ತದೆ. ಏಕೆಂದರೆ ಪ್ರತಿ 3 ಡೆಸಿಬಲ್‌ಗೆ ಶಕ್ತಿ ಇಮ್ಮಡಿಯಾಗಬೇಕು. ಹಾಗಾಗಿ ದುಬಾರಿ ರಿಸೀವರಿಗಿಂತ ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರು ಹೆಚ್ಚು ಲಾಭದಾಯಕ.

ಪೆಟ್ಟಿಗೆಯ ಮೇಲೆ ಬರೆದ ವ್ಯಾಟುಗಳನ್ನು ಓದುವ ಕ್ರಮವೊಂದಿದೆ. 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, 8 ಓಮ್‌ಗೆ (ಓಮ್ ಎಂಬುದು ಸ್ಪೀಕರಿನ ವಿದ್ಯುತ್ ತಡೆಯ ಅಳತೆ), ಎರಡು ಚಾನೆಲ್ (ಒಂದೊಂದು ಸ್ಪೀಕರಿನ ದಾರಿ) ಒಟ್ಟಿಗೆ ನಡೆದಾಗ, ಶೇ. 0.1ಕ್ಕಿಂತ ಕಡಿಮೆ ವಿರೂಪದಲ್ಲಿ ಎಷ್ಟು ಎಂದು ಹೇಳಿರುವ ಅಂಕಿ ನಂಬತಕ್ಕದ್ದು. ಒಂದೇ ಚಾನೆಲ್, 1 ಕಿಲೋಹರ್ಟ್ಜ್, ಶೇ. 10 ವಿರೂಪ ಎಂದು ಸಣ್ಣ ಅಕ್ಷರದಲ್ಲಿದ್ದರೆ ಆ ಸಂಖ್ಯೆಯನ್ನು ಹೋಲಿಕೆಗೆ ಬಳಸಬೇಡಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿಯೆಂಬ ಉತ್ಪ್ರೇಕ್ಷೆಯ ಅಂಕಿ) ಎಂದು ಸಾವಿರಗಟ್ಟಲೆ ಬರೆದಿದ್ದರೆ ಆ ಅಂಗಡಿಯಿಂದಲೇ ಹೊರಡಿ. ನಿಮ್ಮ ಸ್ಪೀಕರು 4 ಓಮ್‌ನದಾದರೆ ರಿಸೀವರ್ ಅದನ್ನು ಹೊರಬಲ್ಲದೇ ಎಂದು ಕೈಪಿಡಿಯಲ್ಲಿ ಖಾತ್ರಿ ಮಾಡಿಕೊಳ್ಳಿ.

ಕೋಣೆಯನ್ನು ಮೈಕಿನಿಂದ ಅಳೆದು ಧ್ವನಿಯನ್ನು ತಿದ್ದುವ ಸೌಲಭ್ಯ ರಿಸೀವರಿನಲ್ಲಿ ಇರಲೇಬೇಕು: ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಿಎಒ, ಇನ್ನು ಕೆಲವು ಮಾದರಿಗಳಲ್ಲಿ ಡಿರಾಕ್ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ಟಿವಿಯೊಂದಿಗಿನ ಸಂಪರ್ಕವನ್ನೂ ನೋಡಿ. ಆಪ್ಟಿಕಲ್ ಕೇಬಲ್ ಹಳೆಯ ಡಾಲ್ಬಿ ಡಿಜಿಟಲ್ 5.1ನ್ನು ಒಯ್ಯುತ್ತದೆ, ಅಟ್ಮಾಸನ್ನು ಒಯ್ಯಲಾರದು. ಎಚ್‌ಡಿಎಂಐ ಆರ್ಕ್ (ಟಿವಿಯ ಧ್ವನಿಯನ್ನು ರಿಸೀವರಿಗೆ ಕಳಿಸುವ ಸೌಲಭ್ಯ) ಮೂಲಕ ಒಟಿಟಿಗಳಲ್ಲಿ ಬರುವ ಸಂಕುಚಿತ ಅಟ್ಮಾಸ್ ಸಾಗುತ್ತದೆ. ಬ್ಲೂ-ರೇ ಡಿಸ್ಕಿನ ಸಂಪೂರ್ಣ ಧ್ವನಿ ಟಿವಿಯ ಮೂಲಕ ಬರಬೇಕಾದರೆ ಟಿವಿ ಮತ್ತು ರಿಸೀವರ್ ಎರಡರಲ್ಲೂ ಅದರ ಸುಧಾರಿತ ರೂಪವಾದ ಇ-ಆರ್ಕ್ ಇರಬೇಕು. ಪ್ಲೇಯರನ್ನು ನೇರವಾಗಿ ರಿಸೀವರಿಗೆ ಜೋಡಿಸಿದರೆ ಆ ಚಿಂತೆಯಿಲ್ಲ.

ರಿಸೀವರ್ ಬಿಸಿಯಾಗುವ ವಸ್ತು. ಗಾಜಿನ ಶೋಕೇಸಿನೊಳಗೆ ಕೂರಿಸದೆ, ಮೇಲೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ ಬಿಟ್ಟು ತೆರೆದ ಕಪಾಟಿನಲ್ಲಿಡಿ. ಸರ್ವಿಸ್ ಸೆಂಟರ್ ಎಲ್ಲಿದೆಯೆಂದು ಹಣ ಕೊಡುವ ಮೊದಲೇ ಕೇಳಿ. ರಿಪೇರಿಗೆ ಮತ್ತೆ ಘಟ್ಟ ಹತ್ತಿಸಬೇಕಾದರೆ ಮೂಲ ಪೆಟ್ಟಿಗೆ, ಥರ್ಮಾಕೋಲು ಬೇಕಾಗುತ್ತದೆ. ಅವನ್ನು ಒರಲೆ ಹತ್ತದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿ.

ಹಂತ 7: ವೈರು

15 ಮೀಟರಿಗಿಂತ ಕಡಿಮೆ ಓಟಕ್ಕೆ 1.5 ಚದರ ಮಿಲಿಮೀಟರಿನ ಶುದ್ಧ ತಾಮ್ರದ ವೈರು ಸಾಕು, ಅದಕ್ಕಿಂತ ಉದ್ದಕ್ಕೆ ಅಥವಾ 4 ಓಮ್ ಸ್ಪೀಕರಿಗೆ 2.5 ಹಾಕಿ. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಹಾಕಿದ ಅಗ್ಗದ ವೈರನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ; ಅದು ಉಪ್ಪುಗಾಳಿಗೆ ಬೇಗ ಸವೆಯುತ್ತದೆ. ಅಟ್ಟದ ಮೂಲಕ ಎಳೆಯುವುದಾದರೆ ಇಲಿಗಳಿಗೆ ಸಿಗದಂತೆ ಪಿವಿಸಿ ಪೈಪಿನೊಳಗೆ ಹಾಯಿಸಿ.

ಹಂತ 8: ವಿದ್ಯುತ್ತು, ಸಿಡಿಲು, ಅರ್ಥಿಂಗ್

ಇದನ್ನು ಆಯ್ಕೆಯ ಭಾಗವೆಂದೇ ಎಣಿಸಿ ಮೊದಲೇ ಹಣ ತೆಗೆದಿಡಿ. ಹೆಸರಿಗೆ 230 ವೋಲ್ಟ್ ಆದರೂ ಹಳ್ಳಿಯ ಕೊನೆಯ ಮನೆಗೆ ಬರುವ ವಿದ್ಯುತ್ತು ಏರಿಳಿಯುತ್ತಲೇ ಇರುತ್ತದೆ. ಒಂದು ವಾರ ಬೆಳಿಗ್ಗೆ, ಸಂಜೆ, ರಾತ್ರಿ ಮಲ್ಟಿಮೀಟರಿನಲ್ಲಿ ನೋಡಿ ಬರೆದಿಟ್ಟು ಅದಕ್ಕೆ ತಕ್ಕ ಸ್ಟೆಬಿಲೈಜರ್ ಆರಿಸಿ. ಇನ್ವರ್ಟರಿನಲ್ಲಿ ನಡೆಸುವವರು ಶುದ್ಧ ಸೈನ್ ತರಂಗದ್ದನ್ನೇ ಕೊಳ್ಳಬೇಕು; ಚೌಕ ತರಂಗದ ಇನ್ವರ್ಟರಿನಲ್ಲಿ ರಿಸೀವರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಏಪ್ರಿಲ್ ಮೇ ತಿಂಗಳ ಸಿಡಿಲು ಬರುವುದೂ ಆಗಲೇ. ಅರ್ಥ್ ಗುಂಡಿಗೆ ಇದ್ದಿಲು ಹಾಕಿಸಿ, ಬೇಸಿಗೆಯಲ್ಲಿ ನೀರು ಹೊಯ್ಯಿಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೂರು ವೋಲ್ಟಿಗಿಂತ ಹೆಚ್ಚು ಬಂದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ ಕೂರಿಸಿದರೂ ಹತ್ತಿರದ ಸಿಡಿಲಿಗೆ ಅದು ಪೂರ್ಣ ಉತ್ತರವಾಗದು. ಮೊದಲ ಗುಡುಗು ಕೇಳಿದಾಗ ಪ್ಲಗ್ ಕೀಳುವುದರ ಜೊತೆಗೆ ಡಿಶ್ ಮತ್ತು ಇಂಟರ್ನೆಟ್ಟಿನ ತಾಮ್ರದ ಕೇಬಲ್ಲುಗಳನ್ನೂ ಬಿಡಿಸಬೇಕು. ನನ್ನ ಒಂದು ರಿಸೀವರ್ ಹೋದದ್ದು ಪ್ಲಗ್ ತೆಗೆದ ಮೇಲೂ ಉಳಿದುಕೊಂಡಿದ್ದ ಡಿಶ್ ಕೇಬಲ್ಲಿನ ದಾರಿಯಿಂದ.

ಹಂತ 9: ಜೋಡಣೆ, ಶ್ರುತಿ ಮತ್ತು ಮಳೆಗಾಲ

ಆಸನದಿಂದ ಸ್ಪೀಕರಿಗೆ 3 ಮೀಟರ್ ಇದ್ದರೆ ಎಡ ಬಲ ಸ್ಪೀಕರುಗಳ ನಡುವೆ ಎರಡೂಕಾಲರಿಂದ 3 ಮೀಟರ್ ಅಂತರವಿರಲಿ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. 5.1ರ ಹಿಂಬದಿ ಸ್ಪೀಕರುಗಳು ನೇರ ಮುಂದಿನಿಂದ ಲೆಕ್ಕಹಾಕಿದರೆ 110ರಿಂದ 120 ಡಿಗ್ರಿಯಲ್ಲಿ, ಅಂದರೆ ಪಕ್ಕಕ್ಕಿಂತ ತುಸು ಹಿಂದೆ, ಕಿವಿಯ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ ಇರಬೇಕು. ಮೈಕಿನಿಂದ ಅಳೆಯುವಾಗ ಫ್ಯಾನ್ ನಿಲ್ಲಿಸಿ, ಮಳೆಯಿಲ್ಲದ ಹೊತ್ತನ್ನು ಆರಿಸಿಕೊಳ್ಳಿ, ಮೈಕನ್ನು ಕೈಯಲ್ಲಿ ಹಿಡಿಯದೆ ಟ್ರೈಪಾಡಿನ ಮೇಲಿಡಿ. ಅಳತೆ ಮುಗಿದ ಮೇಲೆ ಎಲ್ಲ ಸ್ಪೀಕರುಗಳನ್ನೂ ‘ಸ್ಮಾಲ್’ ಎಂದು ಗುರುತಿಸಿ, 80 ಹರ್ಟ್ಜ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ಬಿಡಿ. ಸೆಂಟರನ್ನು ಎರಡು ಡೆಸಿಬಲ್ ಏರಿಸಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಆಷಾಢದ ಮಳೆ ಮಾಡಿನ ಮೇಲೆ ಸುರಿಯುವಾಗ ಮೆಲುದನಿಯ ಮಾತು ಮುಳುಗಿಹೋಗುತ್ತದೆ, ವಾಲ್ಯೂಮ್ ಏರಿಸಿದರೆ ಅಬ್ಬರದ ದೃಶ್ಯ ಮನೆ ನಡುಗಿಸುತ್ತದೆ. ರಿಸೀವರಿನ ನೈಟ್ ಮೋಡ್ ಮೆಲುದನಿಯನ್ನು ಎತ್ತಿ ಅಬ್ಬರವನ್ನು ತಗ್ಗಿಸುವುದರಿಂದ ಮಳೆಗಾಲದ ನಾಲ್ಕು ತಿಂಗಳು ಅದನ್ನು ಹಗಲಿನಲ್ಲಿಯೂ ಬಳಸಿ. ಸಿನಿಮಾ ನೋಡದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಎಲ್ಲವನ್ನೂ ಒಂದು ಗಂಟೆ ನಡೆಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಸ್ಪೀಕರುಗಳನ್ನು ಹೊರಗೋಡೆಯಿಂದ ಅರ್ಧ ಅಡಿ ದೂರವಿಡಿ, ಜಾಲರಿಯ ಬಟ್ಟೆಗೆ ಬೂಷ್ಟು ಬಂದರೆ ಒಣ ಬ್ರಷ್ಷಿನಿಂದ ಒರೆಸಿ. ನವರಾತ್ರಿಯ ಆಯುಧಪೂಜೆಗೆ ಮನೆಯ ಯಂತ್ರಗಳನ್ನೆಲ್ಲ ಒರೆಸಿಡುವಾಗ ವೈರಿನ ತುದಿಗಳನ್ನೂ ಬಿಚ್ಚಿ, ಕಪ್ಪಾಗಿದ್ದರೆ ಒಂದು ಅಂಗುಲ ಕತ್ತರಿಸಿ ಹೊಸ ತಾಮ್ರ ತೆಗೆದು, ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಬಿಗಿದು, ಮೈಕಿನ ಅಳತೆಯನ್ನು ಇನ್ನೊಮ್ಮೆ ಮಾಡಿಕೊಳ್ಳಿ.